ಫೋಟೋ ಸರಿಯಾಗಿಯೇ ತೆರೆಯುತ್ತದೆ, ಫೋಟೋ ಜೋಡಿಸುವ ಸಾಫ್ಟ್‌ವೇರ್ ಮಾತ್ರ ಕ್ರ್ಯಾಶ್ ಆಗುತ್ತದೆ. ಯಾಕೆ?

ಓದುಗರ ಪ್ರಶ್ನೆ: "ಸರ್, ನನ್ನ ಹತ್ತಿರ ಸುಮಾರು 24,000 ಫೋಟೋಗಳಿವೆ. 2004ರಿಂದ ಈಚೆಗೆ ಕೂಡಿಟ್ಟದ್ದು. ಮೂರು ಬೇರೆ ಬೇರೆ ಕಂಪನಿಯ ಕ್ಯಾಮೆರಾ, ಆಮೇಲೆ ನಾಲ್ಕೈದು ಫೋನ್‌ಗಳಲ್ಲಿ ತೆಗೆದವು. ಕೆಟ್ಟುಹೋದ ಮೆಮೊರಿ ಕಾರ್ಡ್‌ನಿಂದ ರಿಕವರಿ ಮಾಡಿದ ಒಂದು ಫೋಲ್ಡರ್ ಕೂಡ ಇದೆ. ಹೊಸ ಕಂಪ್ಯೂಟರಿನಲ್ಲಿ ಫೋಟೋ ಜೋಡಿಸಿಡುವ ಉಚಿತ ಸಾಫ್ಟ್‌ವೇರ್ ಒಂದನ್ನು ಹಾಕಿಕೊಂಡೆ. ಅದು ಸ್ಕ್ಯಾನ್ ಶುರು ಮಾಡುತ್ತದೆ, ಸ್ವಲ್ಪ ಹೊತ್ತಿಗೆ ಏನೂ ಹೇಳದೆ ಮುಚ್ಚಿಹೋಗುತ್ತದೆ. ಮತ್ತೆ ತೆರೆದರೆ ಅದೇ ಕಥೆ. ಎರಡು ಸಲ ತೆಗೆದು ಹಾಕಿ ಮತ್ತೆ ಇನ್‌ಸ್ಟಾಲ್ ಮಾಡಿದೆ. ಟರ್ಮಿನಲ್‌ನಿಂದ (ಆಜ್ಞೆ ಟೈಪ್ ಮಾಡುವ ಕಿಟಕಿಯಿಂದ) ಓಡಿಸಿದಾಗ 'ಡೈರೆಕ್ಟರಿ', 'ಅನ್‌ಎಕ್ಸ್‌ಪೆಕ್ಟೆಡ್ ನೆಕ್ಸ್ಟ್ ಪಾಯಿಂಟರ್, ಇಗ್ನೋರ್ಡ್' ಅಂತ ಹತ್ತಾರು ಸಾಲು ಬಂದು, ಕೊನೆಗೆ 'ಸೆಗ್ಮೆಂಟೇಶನ್ ಫಾಲ್ಟ್' ಅಂತ ಬಂತು. ಅದೇ ಫೋಟೋಗಳು ಮಾಮೂಲಿ ವ್ಯೂವರ್‌ನಲ್ಲಿ ಚೆನ್ನಾಗಿ ತೆರೆಯುತ್ತವೆ. ಮೆಟಾಡೇಟಾ ಓದುವಾಗಿನ ತೊಂದರೆ, ಎಲ್ಲ ಫೋಟೋಗಳ ಮೆಟಾಡೇಟಾ ಅಳಿಸಿಬಿಡು ಅಂತ ಸ್ನೇಹಿತರೊಬ್ಬರು ಹೇಳಿದರು. ಇನ್ನೊಬ್ಬರು ಫೋಟೋದಲ್ಲಿ ವೈರಸ್ ಇರಬಹುದು ಅಂದರು. ಏನು ಮಾಡಲಿ? ಫೋಟೋಗಳು ಹೋಗಿಬಿಡುತ್ತವಾ?"

ಉತ್ತರ:

ನಿಮ್ಮ ದೊಡ್ಡ ಭಯ ಫೋಟೋಗಳ ಬಗ್ಗೆ, ಅಲ್ವಾ? ಅದನ್ನೇ ಮೊದಲು ಹೇಳುತ್ತೇನೆ. ಸ್ಕ್ಯಾನ್ ಮಾಡುವಾಗ ಇಂಥ ಸಾಫ್ಟ್‌ವೇರ್ ಫೈಲ್‌ಗಳನ್ನು ಓದುತ್ತದೆ ಅಷ್ಟೇ. ಓದುವಾಗ ಅದು ನಿಂತುಹೋದರೆ ಫೋಟೋಗೆ ಏನೂ ಆಗುವುದಿಲ್ಲ. ಆದರೆ ಒಂದು ಸಂಗತಿ ನೋಡಿಕೊಳ್ಳಿ. ಟ್ಯಾಗ್, ರೇಟಿಂಗ್, ಮುಖದ ಹೆಸರು ಇವನ್ನೆಲ್ಲ ಫೋಟೋ ಫೈಲ್ ಒಳಗೇ ಬರೆಯುವ ಆಯ್ಕೆ ಹಲವು ಸಾಫ್ಟ್‌ವೇರ್‌ಗಳಲ್ಲಿ ಇರುತ್ತದೆ. ಅದು ಆನ್ ಆಗಿದ್ದರೆ ಈಗಲೇ ಆಫ್ ಮಾಡಿ. ಬರೆಯುವ ಮಧ್ಯೆ ಕ್ರ್ಯಾಶ್ ಆದರೆ ಫೈಲ್ ಕೆಡಬಹುದು. ಜೊತೆಗೆ ಎಲ್ಲ ಫೋಟೋಗಳ ಒಂದು ಪೂರ್ತಿ ಪ್ರತಿಯನ್ನು ಬೇರೆ ಡಿಸ್ಕ್‌ಗೆ ಹಾಕಿ, ಆ ಡಿಸ್ಕನ್ನು ಕಂಪ್ಯೂಟರಿನಿಂದ ಬಿಚ್ಚಿ ಎತ್ತಿಡಿ. ಮುಂದೆ ನಾನು ಹೇಳುವುದೆಲ್ಲ ಇದಾದ ಮೇಲೆ.

ಮೆಟಾಡೇಟಾ ಅಂದರೆ ಫೋಟೋ ಫೈಲ್ ಒಳಗೆ ಚಿತ್ರದ ಜೊತೆಗೇ ಬರೆದಿಟ್ಟ ವಿವರಗಳು. ಅದನ್ನು ಅಳಿಸುವ ಸಲಹೆಯನ್ನು ದಯವಿಟ್ಟು ಪಕ್ಕಕ್ಕಿಡಿ. ತೊಂದರೆ ಕೊಡುತ್ತಿರುವುದು ಬಹುಶಃ ಒಂದೋ ಎರಡೋ ಫೈಲ್, ಹೆಚ್ಚೆಂದರೆ ಒಂದು ಫೋಲ್ಡರ್. ಅದಕ್ಕಾಗಿ 24,000 ಫೋಟೋಗಳ ದಿನಾಂಕ, ಜಾಗ, ಕ್ಯಾಮೆರಾ ವಿವರ ಎಲ್ಲವನ್ನೂ ಕಳೆದುಕೊಳ್ಳುವುದು ಬೇಡ. ಫೋಟೋ ತೆಗೆದ ದಿನ ಮತ್ತು ಹೊತ್ತು ನಂಬಿಕೆಯಾಗಿ ಉಳಿಯುವುದು ಫೈಲ್ ಒಳಗಿನ ಮೆಟಾಡೇಟಾದಲ್ಲಿ ಮಾತ್ರ. ಫೋಲ್ಡರ್‌ನಲ್ಲಿ ಕಾಣುವ ದಿನಾಂಕ ಕಾಪಿ ಮಾಡಿದಾಗಲೂ ಬದಲಾಗಬಹುದು. ಫೋಟೋ ನೆಟ್ಟಗೆ ನಿಲ್ಲಬೇಕೋ ಅಡ್ಡಕ್ಕೆ ತಿರುಗಬೇಕೋ ಎಂಬ ಸೂಚನೆಯೂ ಅಲ್ಲೇ ಇರುತ್ತದೆ. ಎಲ್ಲ ಅಳಿಸಿದ ಮೇಲೆ ಫೋಟೋಗಳು ಮಗ್ಗುಲಾಗಿ ಮಲಗಿದ್ದನ್ನು ನೋಡಿ ಗಾಬರಿಯಾಗಿ ನನ್ನ ಹತ್ತಿರ ಬಂದವರಿದ್ದಾರೆ. ತಿರುಗಿಸಿ ಸರಿಮಾಡಬಹುದು. ಹೋದ ದಿನಾಂಕ ಮಾತ್ರ ಬ್ಯಾಕಪ್ ಇಲ್ಲದಿದ್ದರೆ ವಾಪಸ್ ಬರುವುದಿಲ್ಲ.

ವ್ಯೂವರ್‌ಗೆ ಆಗದ ತೊಂದರೆ ಇದಕ್ಕೆ ಯಾಕೆ?

ಎರಡೂ ಓದುವುದು ಬೇರೆ ಬೇರೆ ಭಾಗವನ್ನು. ಜೆಪೆಗ್ ಫೈಲ್ ಅಂದರೆ ಒಂದರ ಹಿಂದೆ ಒಂದು ಜೋಡಿಸಿದ ತುಂಡುಗಳು. ಚಿತ್ರ ಒಂದಷ್ಟು ತುಂಡುಗಳಲ್ಲಿ, ಮೆಟಾಡೇಟಾ ಬೇರೆ ತುಂಡುಗಳಲ್ಲಿ. ಚಿತ್ರ ತೋರಿಸುವುದಷ್ಟೇ ಕೆಲಸ ಎಂದಿರುವ ವ್ಯೂವರ್ ಮೆಟಾಡೇಟಾವನ್ನು ಪೂರ್ತಿ ಹಾರಿಸಿಬಿಡಬಹುದು. ಹೆಚ್ಚೆಂದರೆ ಫೋಟೋ ಯಾವ ಕಡೆ ತಿರುಗಬೇಕು ಎಂಬುದನ್ನು ಮಾತ್ರ ನೋಡುತ್ತದೆ. ಫೋಟೋ ಜೋಡಿಸುವ ಸಾಫ್ಟ್‌ವೇರ್‌ಗೆ ಹಾಗಲ್ಲ. ದಿನಾಂಕ, ಲೆನ್ಸ್, ಜಿಪಿಎಸ್, ಕೀವರ್ಡ್, ಶೀರ್ಷಿಕೆ, ಒಳಗಿನ ಪುಟ್ಟ ಥಂಬ್‌ನೇಲ್ ಎಲ್ಲವೂ ಬೇಕು. ಅದು ಮೂಲೆಮೂಲೆಯನ್ನೂ ಕೆದಕುತ್ತದೆ. ಹಾಗಾಗಿ "ಅಲ್ಲಿ ತೆರೆಯುತ್ತದೆ, ಆದ್ದರಿಂದ ಫೈಲ್ ಸರಿ ಇದೆ" ಎಂಬುದು ಅರ್ಧ ನಿಜ. ಚಿತ್ರ ಸರಿ ಇದೆ ಎಂದಷ್ಟೇ ಅದರರ್ಥ.

ಈ ಮೆಟಾಡೇಟಾದಲ್ಲಿ ಮುಖ್ಯವಾಗಿ ಮೂರು ಬಗೆ. ಎಕ್ಸಿಫ್ ಕ್ಯಾಮೆರಾ ಬರೆಯುವಂಥದ್ದು. ಜಪಾನಿನ ಕೈಗಾರಿಕೆಗಳ ಒಕ್ಕೂಟ ಅದರ ಮೊದಲ ರೂಪವನ್ನು 1995ರಲ್ಲಿ ತಂದಿತು. ಐಪಿಟಿಸಿ ಸುದ್ದಿ ಸಂಸ್ಥೆಗಳ ಲೋಕದಿಂದ ಬಂದದ್ದು, ಶೀರ್ಷಿಕೆ, ಛಾಯಾಗ್ರಾಹಕರ ಹೆಸರು, ಕೀವರ್ಡ್ ಇಂಥವಕ್ಕೆ. ಎಕ್ಸ್‌ಎಂಪಿಯನ್ನು ಅಡೋಬಿ 2001ರಲ್ಲಿ ತಂದಿತು, 2012ರಲ್ಲಿ ಅದು ಐಎಸ್ಒ ಮಾನದಂಡವಾಯಿತು. ಒಂದೇ ಫೋಟೋದಲ್ಲಿ ಮೂರೂ ಇರಬಹುದು. ಒಂದೇ ದಿನಾಂಕ ಮೂರು ಕಡೆ ಮೂರು ತರಹ ಇರಲೂಬಹುದು. ಆದರೆ ನಾನು ನೋಡಿದ ಕ್ರ್ಯಾಶ್‌ಗಳಲ್ಲಿ ಜಾಸ್ತಿ ಎಕ್ಸಿಫ್‌ನ ಒಳಗಿಂದಲೇ ಬಂದವು. ಅದಕ್ಕೆ ಕಾರಣ ಅದರ ಕಟ್ಟಡದಲ್ಲೇ ಇದೆ.

ಎಕ್ಸಿಫ್ ಒಳಗೆ 'ಡೈರೆಕ್ಟರಿ' ಎಂಬ ಪಟ್ಟಿಗಳಿರುತ್ತವೆ. ನಿಮ್ಮ ಟರ್ಮಿನಲ್‌ನಲ್ಲಿ ಕಂಡ ಡೈರೆಕ್ಟರಿ ಇದೇ, ಕಂಪ್ಯೂಟರಿನ ಫೋಲ್ಡರ್ ಅಲ್ಲ. ಪಟ್ಟಿಯ ಒಂದೊಂದು ನಮೂದೂ ಸರಿಯಾಗಿ 12 ಬೈಟ್. ಮೊದಲ 2 ಬೈಟ್ ಇದು ಯಾವ ಟ್ಯಾಗ್ ಎಂದು ಹೇಳುತ್ತದೆ. ಮುಂದಿನ 2 ಬೈಟ್ ಅಕ್ಷರವೋ ಸಂಖ್ಯೆಯೋ ಭಿನ್ನರಾಶಿಯೋ ಎಂದು. ಆಮೇಲಿನ 4 ಬೈಟ್ ಅಂಥವು ಎಷ್ಟಿವೆ ಎಂದು. ಕೊನೆಯ 4 ಬೈಟ್‌ನಲ್ಲಿ ಬೆಲೆ, ಅಂದರೆ ಆ ಟ್ಯಾಗ್‌ನ ನಿಜವಾದ ಮಾಹಿತಿ, ಹಿಡಿಸಿದರೆ ಬೆಲೆಯೇ ಇರುತ್ತದೆ. ಹಿಡಿಸದಿದ್ದರೆ, ಆ ಬೆಲೆ ಎಕ್ಸಿಫ್ ಒಳಗೆ ಎಷ್ಟನೇ ಬೈಟ್‌ನಿಂದ ಶುರು ಎಂಬ ವಿಳಾಸ ಇರುತ್ತದೆ. ಇದನ್ನು ಆಫ್‌ಸೆಟ್ ಅನ್ನುತ್ತಾರೆ.

ತೊಂದರೆ ಹುಟ್ಟುವುದು ಈ ಎಣಿಕೆ ಮತ್ತು ಈ ವಿಳಾಸದಲ್ಲಿ. ಪುಸ್ತಕದ ಪರಿವಿಡಿಯಲ್ಲಿ ಅಧ್ಯಾಯ 900ನೇ ಪುಟದಲ್ಲಿದೆ ಎಂದು ಬರೆದಿದೆ, ಪುಸ್ತಕದಲ್ಲಿ ಇರುವುದೇ 300 ಪುಟ ಅಂದುಕೊಳ್ಳಿ. ಮನುಷ್ಯರಾದರೆ ಮುದ್ರಣದ ತಪ್ಪು ಅಂದುಕೊಂಡು ಮುಂದೆ ಹೋಗುತ್ತಾರೆ. ಎಚ್ಚರಿಕೆ ಇಲ್ಲದೆ ಬರೆದ ಪ್ರೋಗ್ರಾಂ ಇಲ್ಲದ ಪುಟಕ್ಕೆ ಕೈ ಹಾಕುತ್ತದೆ, ತನ್ನದಲ್ಲದ ಮೆಮೊರಿಯನ್ನು ಮುಟ್ಟುತ್ತದೆ. ಆಪರೇಟಿಂಗ್ ಸಿಸ್ಟಮ್ ಅದನ್ನು ಅಲ್ಲೇ ನಿಲ್ಲಿಸುತ್ತದೆ. ನಿಮಗೆ ಕಂಡ 'ಸೆಗ್ಮೆಂಟೇಶನ್ ಫಾಲ್ಟ್' ಅಂದರೆ ಇದೇ. ಎಣಿಕೆ ಕೆಟ್ಟಿದ್ದರೆ ಇನ್ನೊಂದು ತರಹ. 4 ಬೈಟ್‌ನಲ್ಲಿ 429 ಕೋಟಿ ದಾಟುವ ಸಂಖ್ಯೆ ಬರೆಯಬಹುದು. ಅಷ್ಟು ನಮೂದುಗಳಿಗೆ ಜಾಗ ಕೊಡು ಎಂದು ಪ್ರೋಗ್ರಾಂ ಕೇಳಿದರೆ ಮೆಮೊರಿ ಮುಗಿಯುತ್ತದೆ. ಜೆಪೆಗ್‌ನಲ್ಲಿ ಒಂದು ತುಂಡಿನ ಉದ್ದ ಬರೆಯಲು ಇರುವುದೇ 2 ಬೈಟ್. ಅಂದರೆ ಎಕ್ಸಿಫ್ ಪೂರ್ತಿ 64 ಕಿಲೋಬೈಟ್ ಒಳಗೇ ಮುಗಿಯಬೇಕು. ಅಷ್ಟು ಪುಟ್ಟ ಜಾಗದಲ್ಲಿ ಕೋಟಿಗಟ್ಟಲೆ ನಮೂದು ಇರಲು ಸಾಧ್ಯವೇ ಇಲ್ಲ. ಜಾಗ ಕೇಳುವ ಮುಂಚೆ ಪ್ರೋಗ್ರಾಂ ಇದನ್ನು ಪರೀಕ್ಷಿಸಬೇಕಿತ್ತು.

ಇನ್ನೂ ಕೆಲವು ಬಗೆಗಳಿವೆ. ಒಂದು ಡೈರೆಕ್ಟರಿ ಮುಂದಿನದನ್ನು ತೋರಿಸುತ್ತದೆ, ಅದು ತಿರುಗಿ ಮೊದಲನೆಯದನ್ನೇ ತೋರಿಸುತ್ತದೆ. ಪ್ರೋಗ್ರಾಂ ಸುತ್ತಿದಲ್ಲೇ ಸುತ್ತುತ್ತದೆ. ಭಿನ್ನರಾಶಿಯ ಕೆಳಗಿನ ಸಂಖ್ಯೆ 0 ಇರುತ್ತದೆ. ಜಿಪಿಎಸ್ ಸಿಗ್ನಲ್ ಸಿಗದಾಗ ಕೆಲವು ಉಪಕರಣಗಳು 0 ಭಾಗಿಸು 0 ಎಂದೇ ಬರೆದುಬಿಡುತ್ತವೆ. ಗಡಿಯಾರ ಹೊಂದಿಸದ ಕ್ಯಾಮೆರಾ ದಿನಾಂಕದ ಜಾಗದಲ್ಲಿ ಬರೀ ಸೊನ್ನೆ ತುಂಬಬಹುದು.

ಮೇಕರ್‌ನೋಟ್ ಎಂಬ ಮೂಲೆ

ನಿಮ್ಮಲ್ಲಿ ಮೂರು ಕಂಪನಿಯ ಕ್ಯಾಮೆರಾ ಇವೆ ಅಂದಿರಿ. ಹಾಗಾಗಿ ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಎಕ್ಸಿಫ್‌ನಲ್ಲಿ ಮೇಕರ್‌ನೋಟ್ ಎಂಬ ಒಂದು ಟ್ಯಾಗ್ ಇದೆ. ಕ್ಯಾಮೆರಾ ತಯಾರಿಸುವ ಕಂಪನಿ ಅದರೊಳಗೆ ತನಗೆ ಬೇಕಾದ್ದನ್ನು ಬೇಕಾದ ಹಾಗೆ ಬರೆದುಕೊಳ್ಳಬಹುದು. ಫೋಕಸ್ ಎಲ್ಲಿತ್ತು, ಶಟರ್ ಎಷ್ಟು ಸಲ ಬಿದ್ದಿದೆ, ಯಾವ ಲೆನ್ಸ್ ಇತ್ತು, ಹೀಗೆ. ಅದರ ವಿನ್ಯಾಸವನ್ನು ಕಂಪನಿಗಳು ಸಾಮಾನ್ಯವಾಗಿ ಬಹಿರಂಗ ಮಾಡುವುದಿಲ್ಲ. ಹೊರಗಿನ ಪ್ರೋಗ್ರಾಮರ್‌ಗಳು ಸಾವಿರಾರು ಫೋಟೋಗಳನ್ನು ಹೋಲಿಸಿ, ಯಾವ ಬೈಟ್ ಏನು ಹೇಳುತ್ತದೆ ಎಂದು ಹುಡುಕಿ ಹುಡುಕಿ ಬರೆದುಕೊಂಡಿದ್ದಾರೆ. ಅದೊಂದು ತಾಳ್ಮೆಯ ಕೆಲಸ. ಅವರಿಗೆ ನಾವೆಲ್ಲ ಋಣಿಗಳು.

ಮೇಕರ್‌ನೋಟ್ ಒಳಗೂ ಡೈರೆಕ್ಟರಿ, ಆಫ್‌ಸೆಟ್ ಇರುತ್ತವೆ. ಕೆಲವು ಕಂಪನಿಗಳು ವಿಳಾಸವನ್ನು ಮೇಕರ್‌ನೋಟ್ ಶುರುವಾಗುವಲ್ಲಿಂದ ಎಣಿಸುತ್ತವೆ. ಕೆಲವು ಇಡೀ ಎಕ್ಸಿಫ್ ಶುರುವಾಗುವಲ್ಲಿಂದ ಎಣಿಸುತ್ತವೆ. ಈ ಎರಡನೆಯ ಬಗೆ ಸೂಕ್ಷ್ಮ. ಯಾವುದೋ ಎಡಿಟಿಂಗ್ ಆ್ಯಪ್‌ನಲ್ಲಿ ಶೀರ್ಷಿಕೆ ಸೇರಿಸಿದಿರಿ ಅಂದುಕೊಳ್ಳಿ. ಎಕ್ಸಿಫ್ ಒಳಗಿನ ಸಾಮಾನೆಲ್ಲ ಸ್ವಲ್ಪ ಹಿಂದೆ ಮುಂದೆ ಸರಿಯಿತು. ಮೇಕರ್‌ನೋಟ್ ಕೂಡ ಸರಿಯಿತು. ಒಳಗೆ ಬರೆದಿರುವ ವಿಳಾಸಗಳು ಮಾತ್ರ ಹಳೆಯವೇ ಉಳಿದವು. ಈಗ ಅವು ತೋರಿಸುವುದು ಏನೇನನ್ನೋ. ಚಿತ್ರಕ್ಕೆ ಏನೂ ಆಗಿಲ್ಲ, ಕಣ್ಣಿಗೆ ಏನೂ ಕಾಣುವುದಿಲ್ಲ. ವರ್ಷಗಳಾದ ಮೇಲೆ ಇನ್ನೊಂದು ಸಾಫ್ಟ್‌ವೇರ್ ಅದನ್ನು ಓದಲು ಹೋಗಿ ಎಡವುತ್ತದೆ.

ರಿಕವರಿ ಮಾಡಿದ ಫೋಲ್ಡರ್ ಇದಕ್ಕಿಂತ ಹೆಚ್ಚು ಅನುಮಾನದ್ದು. ಕೆಟ್ಟ ಕಾರ್ಡ್‌ನಿಂದ ಫೈಲ್ ತೆಗೆಯುವ ಸಾಫ್ಟ್‌ವೇರ್ ಸಿಕ್ಕಿದ ತುಂಡುಗಳನ್ನು ಅಂದಾಜಿನಲ್ಲಿ ಜೋಡಿಸುತ್ತದೆ. ಒಂದು ಫೋಟೋದ ತಲೆ, ಇನ್ನೊಂದು ಫೋಟೋದ ದೇಹ ಸೇರಿಕೊಂಡಿರಬಹುದು. ಫೈಲ್ ಮಧ್ಯದಲ್ಲೇ ಕಡಿದುಹೋಗಿರಬಹುದು. ಹೆಸರು ಇದ್ದು ಒಳಗೆ ಬರೀ ಸೊನ್ನೆಗಳಿರಬಹುದು. ನಾನಾಗಿದ್ದರೆ ಹುಡುಕಾಟವನ್ನು ಇಲ್ಲಿಂದಲೇ ಶುರು ಮಾಡುತ್ತೇನೆ.

ವೈರಸ್ ಮಾತು, ರೀಇನ್‌ಸ್ಟಾಲ್ ಮಾತು

2020ರಲ್ಲಿ ಒಂದು ಕೆರೆಯ ಫೋಟೋ ತುಂಬ ಸುದ್ದಿಯಾಯಿತು. ಅದನ್ನು ವಾಲ್‌ಪೇಪರ್ ಆಗಿ ಹಾಕಿದರೆ ಕೆಲವು ಆಂಡ್ರಾಯ್ಡ್ 10 ಫೋನ್‌ಗಳು ಮತ್ತೆ ಮತ್ತೆ ಕ್ರ್ಯಾಶ್ ಆಗುತ್ತಿದ್ದವು. ಬೇಕೆಂದೇ ಮಾಡಿದ ಫೋಟೋ ಅಂತ ತುಂಬ ಜನ ನಂಬಿದರು. ನಿಜವಾದ ಕಾರಣ ಫೋಟೋ ಒಳಗೆ ಅಡಕವಾಗಿದ್ದ ಬಣ್ಣದ ಪ್ರೊಫೈಲ್, ಅಂದರೆ ಬಣ್ಣಗಳನ್ನು ಹೇಗೆ ತೋರಿಸಬೇಕು ಎಂಬ ಸೂಚನೆ. ಆ ಪ್ರೊಫೈಲ್‌ನಿಂದಾಗಿ ಬೆಳಕಿನ ಲೆಕ್ಕದಲ್ಲಿ 255 ದಾಟಿದ ಒಂದು ಸಂಖ್ಯೆ ಬಂತು. ಪ್ರೋಗ್ರಾಂನ ಪಟ್ಟಿಯಲ್ಲಿ ಇದ್ದದ್ದು 0ಯಿಂದ 255ರ ತನಕ ಮಾತ್ರ. ಫೋಟೋ ತೆಗೆದವರು ಯಾವ ತಪ್ಪೂ ಮಾಡಿರಲಿಲ್ಲ. ನಿಮ್ಮ ವಿಷಯವೂ ಬಹುಮಟ್ಟಿಗೆ ಹೀಗೆಯೇ. ನಿಮ್ಮ ಕ್ಯಾಮೆರಾ ಮತ್ತು ಫೋನ್‌ನಲ್ಲೇ ತೆಗೆದ ಫೋಟೋಗಳಲ್ಲಿ ವೈರಸ್ ಇರುವ ಸಾಧ್ಯತೆ ತೀರಾ ಕಡಿಮೆ.

ಹಾಗಂತ ಆ ಮಾತನ್ನು ಪೂರ್ತಿ ತಳ್ಳಿಹಾಕಲೂ ಆಗುವುದಿಲ್ಲ. ಮೆಟಾಡೇಟಾ ಓದುವ ಕೋಡ್‌ನಲ್ಲಿನ ದೋಷಗಳನ್ನು ದಾಳಿಗೆ ಬಳಸಬಹುದು. ಮೆಟಾಡೇಟಾ ಓದಲು, ಬರೆಯಲು ಬಳಸುವ ಎಕ್ಸಿಫ್‌ಟೂಲ್ ಎಂಬ ಸಾಧನದಲ್ಲಿ 2021ರಲ್ಲಿ ಅಂಥ ಗಂಭೀರ ದೋಷವೊಂದು ಸಿಕ್ಕಿತ್ತು. ಬೇಕೆಂದೇ ರೂಪಿಸಿದ ಫೈಲ್ ಓದಿದರೆ ಅದರೊಳಗಿನ ಆಜ್ಞೆ ನಡೆದುಬಿಡುತ್ತಿತ್ತು. 12.24 ಆವೃತ್ತಿಯಲ್ಲಿ ಸರಿ ಮಾಡಿದರು. ಹಾಗಾಗಿ ಮುಂದೆ ಹೇಳುವ ಯಾವ ಸಾಧನ ಬಳಸಿದರೂ ಹೊಸ ಆವೃತ್ತಿಯನ್ನೇ ಬಳಸಿ.

ಇನ್ನು ರೀಇನ್‌ಸ್ಟಾಲ್. ಅದರಿಂದ ಸುಮ್ನೆ ಸಮಯ ಹೋಗುತ್ತದೆ. ಫೋಟೋ ಅದೇ, ಓದುವ ಕೋಡ್ ಅದೇ, ಹಾಗಾಗಿ ಫಲಿತಾಂಶವೂ ಅದೇ. ಸಾಫ್ಟ್‌ವೇರ್ ತೆಗೆದರೂ ಅದರ ಡೇಟಾಬೇಸ್ ಮತ್ತು ಸೆಟ್ಟಿಂಗ್ ಸಾಮಾನ್ಯವಾಗಿ ನಿಮ್ಮ ಹೋಮ್ ಫೋಲ್ಡರ್‌ನಲ್ಲೇ ಉಳಿದಿರುತ್ತವೆ. ಆವೃತ್ತಿ ಬದಲಾಯಿಸುವುದು ಬೇರೆ ಮಾತು. ಅದರಿಂದ ನಿಜವಾದ ಪ್ರಯೋಜನ ಇದೆ. ಡಿಜಿಕ್ಯಾಮ್, ಡಾರ್ಕ್‌ಟೇಬಲ್, ಶಾಟ್‌ವೆಲ್, ಗ್ವೆನ್‌ವ್ಯೂ ಹೀಗೆ ಬೇರೆ ಬೇರೆ ಹೆಸರಿನ ಎಷ್ಟೋ ಉಚಿತ ಸಾಫ್ಟ್‌ವೇರ್‌ಗಳು ಮೆಟಾಡೇಟಾ ಓದಲು ಎಕ್ಸಿವ್2 ಎಂಬ ಒಂದೇ ಲೈಬ್ರರಿಯನ್ನು (ಹಲವು ಪ್ರೋಗ್ರಾಂಗಳು ಹಂಚಿಕೊಳ್ಳುವ ಸಿದ್ಧ ಕೋಡ್) ಬಳಸುತ್ತವೆ. ನಿಮಗೆ ಕಂಡ ಆ ಎಚ್ಚರಿಕೆಯ ಸಾಲುಗಳ ಧಾಟಿಯೂ ಅದರದ್ದೇ. ಅದರ 2017ರ 0.26 ಆವೃತ್ತಿಯಲ್ಲಿ ಇಂಥ ಕ್ರ್ಯಾಶ್‌ಗಳು ಬಹಳ ವರದಿಯಾದವು. ಬೇಕೆಂದೇ ಕೆಡಿಸಿದ ಫೈಲ್‌ಗಳನ್ನು ಸಾಲಾಗಿ ತಿನ್ನಿಸಿ ಪರೀಕ್ಷಿಸುವ ಫಜಿಂಗ್ ವಿಧಾನದಿಂದ ದೋಷಗಳು ಒಂದೊಂದಾಗಿ ಸಿಕ್ಕವು. ಮುಂದಿನ 0.27 ಸಾಲಿನಲ್ಲಿ ಅನೇಕವನ್ನು ಸರಿಪಡಿಸಿದರು, 2023ರಲ್ಲಿ 0.28 ಬಂತು. ಫೋಟೋ ಸಾಫ್ಟ್‌ವೇರ್ ಹೊಸದಿದ್ದರೂ ಅದರ ಕೆಳಗಿನ ಲೈಬ್ರರಿ ಹಳೆಯದಿರಬಹುದು. ಲಿನಕ್ಸ್‌ನಲ್ಲಿ ಇದು ಮಾಮೂಲು. ಸಾಫ್ಟ್‌ವೇರ್‌ನ ಸಹಾಯ ಮೆನುವಿನಲ್ಲಿ ಬಳಸಿದ ಭಾಗಗಳ ಪಟ್ಟಿ ಇದ್ದರೆ ತೆರೆದು ಲೈಬ್ರರಿಯ ಆವೃತ್ತಿ ನೋಡಿ. ಹಳೆಯದಿದ್ದರೆ ಅದೇ ಸಾಫ್ಟ್‌ವೇರ್‌ನ ಆಪ್‌ಇಮೇಜ್ ಅಥವಾ ಫ್ಲಾಟ್‌ಪ್ಯಾಕ್ ಎಂಬ ಲಿನಕ್ಸ್ ಪ್ಯಾಕೇಜ್ ರೂಪ ಹಾಕಿ ನೋಡಿ. ಅವು ತಮ್ಮ ಲೈಬ್ರರಿಯನ್ನು ತಾವೇ ತರುತ್ತವೆ. ಎಷ್ಟೋ ಸಲ ಇಷ್ಟಕ್ಕೇ ತೊಂದರೆ ಮುಗಿಯುತ್ತದೆ.

ತಪ್ಪು ಮೆಟಾಡೇಟಾದ್ದೇ ಎಂದು ಗೊತ್ತುಮಾಡಿಕೊಳ್ಳುವುದು

ಹೊಸ ಆವೃತ್ತಿಯಲ್ಲೂ ಮುಚ್ಚಿಹೋದರೆ ಒಂದು ವಿಷಯ ಗಮನಿಸಿ. ಪ್ರತಿ ಸಲವೂ ಅದೇ ಜಾಗದಲ್ಲಿ ನಿಲ್ಲುತ್ತದೆಯೇ? ಅದೇ ಫೋಲ್ಡರ್, ಹೆಚ್ಚು ಕಡಿಮೆ ಅದೇ ಶೇಕಡಾ? ಹಾಗಿದ್ದರೆ ಒಂದು ಫೈಲ್ ಕಾರಣ ಎನ್ನಲು ಒಳ್ಳೆಯ ಆಧಾರ ಸಿಕ್ಕಿತು. ಪ್ರತಿ ಸಲ ಬೇರೆ ಬೇರೆ ಕಡೆ ನಿಂತರೆ ಫೈಲ್‌ಗಳ ಮೇಲೆ ಅನುಮಾನ ಬೇಡ. ರ್‍ಯಾಮ್ ಕೆಟ್ಟಿರಬಹುದು. ಇಲ್ಲವೇ ಪ್ರೋಗ್ರಾಂ ಹಲವು ಫೈಲ್‌ಗಳನ್ನು ಒಟ್ಟೊಟ್ಟಿಗೆ ಓದುವಾಗ ಒಂದು ಕೆಲಸ ಇನ್ನೊಂದರ ಮೇಲೆ ಬೀಳುತ್ತಿರಬಹುದು. ಎಕ್ಸಿವ್2ನ ಎಕ್ಸ್‌ಎಂಪಿ ಭಾಗವನ್ನು ಹೀಗೆ ಒಟ್ಟಿಗೆ ಬಳಸಬೇಕಾದರೆ ಒಂದು ಕೆಲಸ ಮುಗಿಯುವ ತನಕ ಇನ್ನೊಂದನ್ನು ತಡೆಯುವ ಬೀಗವನ್ನು ಪ್ರೋಗ್ರಾಂ ತಾನೇ ಹಾಕಿಕೊಳ್ಳಬೇಕು. ಅದು ತಪ್ಪಿದರೆ ಒಮ್ಮೆ ಕ್ರ್ಯಾಶ್, ಒಮ್ಮೆ ಇಲ್ಲ. ಪ್ರೊಸೆಸರ್‌ನ ಎಲ್ಲ ಕೋರ್‌ಗಳನ್ನೂ ಬಳಸು ಎಂಬ ಆಯ್ಕೆ ಇದ್ದರೆ ಆಫ್ ಮಾಡಿ ನೋಡಿ. ಹೊಸ ಕಂಪ್ಯೂಟರ್ ಅಂದಿರಿ, ಮೆಮೊರಿ ಪರೀಕ್ಷೆಯನ್ನೂ ಒಂದು ರಾತ್ರಿ ಓಡಲು ಬಿಡಿ.

ಆ ಹತ್ತಾರು ಎಚ್ಚರಿಕೆಯ ಸಾಲುಗಳನ್ನು ನೋಡಿ ಹೆದರಬೇಡಿ. 'ಇಗ್ನೋರ್ಡ್' ಅಂದರೆ ಪ್ರೋಗ್ರಾಂ ತಪ್ಪನ್ನು ಗುರುತಿಸಿ, ಬಿಟ್ಟು ಮುಂದೆ ಹೋಗಿದೆ. ಆ ಫೈಲ್‌ಗಳನ್ನು ಅದು ಸಂಭಾಳಿಸಿದೆ. ಕ್ರ್ಯಾಶ್ ಆಗುವುದು ಅದು ಗುರುತಿಸದೇ ಹೋದ ತಪ್ಪಿನಿಂದ. ಎಚ್ಚರಿಕೆ ಬಂದ ಫೋಟೋಗಳ ಬೆನ್ನು ಹತ್ತಿ ದಿನಗಟ್ಟಲೆ ಕಳೆದವರನ್ನು ನೋಡಿದ್ದೇನೆ. ಕೊನೆಗೆ ಕಾರಣವಾಗಿದ್ದದ್ದು ಒಂದೂ ಎಚ್ಚರಿಕೆ ಕೊಡದ ಫೈಲ್. ಲಾಗ್‌ನಲ್ಲಿ ಕೊನೆಗೆ ಕಾಣುವ ಹೆಸರನ್ನೂ ಕುರುಡಾಗಿ ನಂಬಬೇಡಿ. ಆ ಹೊತ್ತಿಗೆ ಇನ್ನೂ ನಾಲ್ಕು ಫೈಲ್‌ಗಳು ಓದಿಗೆ ಹೋಗಿರಬಹುದು.

ವಿಂಡೋಸ್ ಬಳಸುವವರಿಗೆ ಟರ್ಮಿನಲ್ ಬೇಕಿಲ್ಲ. ಈವೆಂಟ್ ವ್ಯೂವರ್‌ನಲ್ಲಿ ಅಪ್ಲಿಕೇಶನ್ ದಾಖಲೆ ತೆರೆದರೆ ಯಾವ ಮಾಡ್ಯೂಲ್‌ನಲ್ಲಿ ಕ್ರ್ಯಾಶ್ ಆಯಿತು ಎಂಬ ಹೆಸರು ಸಿಗುತ್ತದೆ. ಸಿ0000005 ಎಂಬ ಕೋಡ್ ಇದ್ದರೆ ಅದು ನಿಮ್ಮ ಸೆಗ್ಮೆಂಟೇಶನ್ ಫಾಲ್ಟ್‌ನದೇ ಜಾತಿ. ಮ್ಯಾಕ್‌ನಲ್ಲಿ ಕನ್ಸೋಲ್ ಎಂಬ ಆ್ಯಪ್‌ನಲ್ಲಿ ಕ್ರ್ಯಾಶ್ ವರದಿ ಇರುತ್ತದೆ. ಮಾಡ್ಯೂಲ್ ಹೆಸರು ಮೆಟಾಡೇಟಾ ಲೈಬ್ರರಿಯದ್ದಾದರೆ ನಮ್ಮ ದಾರಿ ಸರಿ. ವಿಡಿಯೋ ಓದುವ ಭಾಗದ್ದೋ ಗ್ರಾಫಿಕ್ಸ್ ಡ್ರೈವರ್‌ನದ್ದೋ ಆದರೆ ಮೆಟಾಡೇಟಾವನ್ನು ಬಿಟ್ಟುಬಿಡಿ. ಫೋಟೋಗಳ ನಡುವೆ ಸೇರಿಕೊಂಡ ಒಂದು ಅರ್ಧಂಬರ್ಧ ವಿಡಿಯೋ ಕೂಡ ಇದೇ ಲಕ್ಷಣ ತೋರಿಸುತ್ತದೆ.

ಆ ಒಂದು ಫೈಲನ್ನು ಹುಡುಕುವುದು

ಸರಳ ದಾರಿ, ಅರ್ಧ ಅರ್ಧ ಮಾಡುತ್ತಾ ಹೋಗುವುದು. ಮೂಲ ಫೋಟೋಗಳನ್ನು ಮುಟ್ಟಬೇಡಿ. ಪ್ರತಿಗಳನ್ನು ಒಂದು ಪರೀಕ್ಷೆಯ ಫೋಲ್ಡರ್‌ಗೆ ಹಾಕಿ, ಸಾಫ್ಟ್‌ವೇರ್‌ಗೆ ಹೊಸ ಖಾಲಿ ಡೇಟಾಬೇಸ್ ಕೊಟ್ಟು ತೆರೆಯಿರಿ. ಶುರುವಾದ ಕೂಡಲೇ ಸ್ಕ್ಯಾನ್ ಮಾಡುವ ಆಯ್ಕೆಯನ್ನು ಆಫ್ ಮಾಡಿಕೊಂಡರೆ ತೆರೆಯುವಾಗಲೇ ಮುಚ್ಚಿಹೋಗುವುದು ತಪ್ಪುತ್ತದೆ. ಅರ್ಧ ಫೋಟೋ ಹಾಕಿ. ಕ್ರ್ಯಾಶ್ ಆದರೆ ಅದರಲ್ಲಿ ಅರ್ಧ, ಆಗದಿದ್ದರೆ ಇನ್ನೊಂದು ಅರ್ಧ. ಕೆಟ್ಟ ಫೈಲ್ ಒಂದೇ ಇದ್ದರೆ 24,000 ಫೋಟೋಗಳಿಗೆ ಹೆಚ್ಚೆಂದರೆ 15 ಸುತ್ತು ಸಾಕು. ನಿಮಗೆ ಅಷ್ಟೂ ಬೇಕಾಗಲಾರದು. ರಿಕವರಿ ಫೋಲ್ಡರನ್ನು ಮೊದಲು ಹೊರಗಿಟ್ಟು ಮಿಕ್ಕದ್ದನ್ನು ಸ್ಕ್ಯಾನ್ ಮಾಡಿ. ಸರಾಗವಾಗಿ ಮುಗಿದರೆ ಹುಡುಕುವ ಜಾಗ ಆ ಒಂದು ಫೋಲ್ಡರ್‌ಗೆ ಇಳಿಯುತ್ತದೆ.

ಟರ್ಮಿನಲ್ ಅಭ್ಯಾಸ ಇರುವುದರಿಂದ ನಿಮಗೆ ಇನ್ನೊಂದು ದಾರಿ ಹೇಳುತ್ತೇನೆ. ನನಗೆ ಇದೇ ಹೆಚ್ಚು ಇಷ್ಟ. ಎಕ್ಸಿವ್2ಗೆ ಅದೇ ಹೆಸರಿನ ಕಮಾಂಡ್ ಸಾಧನವೂ ಇದೆ. ಒಂದು ಚಿಕ್ಕ ಸ್ಕ್ರಿಪ್ಟ್ ಬರೆದು, ಪ್ರತಿ ಫೋಟೋಗೂ ಅದನ್ನು ಬೇರೆಬೇರೆಯಾಗಿ ಓಡಿಸಿ, ಪ್ರತಿ ಸಲ ಅದು ವಾಪಸ್ ಕೊಡುವ ಸಂಖ್ಯೆಯನ್ನು ಫೈಲ್ ಹೆಸರಿನ ಜೊತೆ ಬರೆದಿಡಿ. ಒಂದು ಫೈಲ್‌ನಲ್ಲಿ ಅದು ಸತ್ತರೂ ಮುಂದಿನ ಫೈಲ್‌ಗೆ ಹೊಸದಾಗಿ ಶುರುವಾಗುತ್ತದೆ. ಲಿನಕ್ಸ್ ಶೆಲ್‌ನಲ್ಲಿ 139 ಬಂದರೆ ಸೆಗ್ಮೆಂಟೇಶನ್ ಫಾಲ್ಟ್. 134 ಬಂದರೆ ಪ್ರೋಗ್ರಾಂ ಒಳಗಿನ ದೋಷವನ್ನು ಯಾರೂ ಹಿಡಿಯದೆ ಅದು ತಾನೇ ನಿಂತಿದೆ. ಈ ಎರಡು ಸಂಖ್ಯೆ ಬಂದ ಫೈಲ್‌ಗಳೇ ನಿಮಗೆ ಬೇಕಾದವು. ಬೇರೆ ಸಂಖ್ಯೆಗಳನ್ನು ಸದ್ಯಕ್ಕೆ ಬಿಡಿ. ಆದರೆ ಕಮಾಂಡ್ ಸಾಧನದ ಆವೃತ್ತಿಯೂ ನಿಮ್ಮ ಫೋಟೋ ಸಾಫ್ಟ್‌ವೇರ್ ಬಳಸುವ ಲೈಬ್ರರಿಯ ಆವೃತ್ತಿಯೂ ಒಂದೇ ಆಗಿರಬೇಕು. ಇಲ್ಲದಿದ್ದರೆ ಇಲ್ಲಿ ಎಲ್ಲ ಸರಿ ಎಂದು ಬಂದು ಅಲ್ಲಿ ಮತ್ತೆ ಮುಚ್ಚಿಹೋಗುತ್ತದೆ.

ಎಕ್ಸಿಫ್‌ಟೂಲ್‌ನಿಂದಲೂ ನೆರವು ಸಿಗುತ್ತದೆ. ಫಿಲ್ ಹಾರ್ವಿ ಅವರು 2003ರಿಂದ ಬೆಳೆಸಿಕೊಂಡು ಬಂದ ಸಾಧನ ಅದು. ಪರ್ಲ್ ಭಾಷೆಯಲ್ಲಿ ಬರೆದದ್ದಾದ್ದರಿಂದ ತಪ್ಪು ವಿಳಾಸ ಕಂಡರೆ ಸಾಯುವ ಬದಲು ದೂರು ಹೇಳಿ ಮುಂದೆ ಹೋಗುತ್ತದೆ. ಅದರ ವ್ಯಾಲಿಡೇಟ್ ಆಯ್ಕೆ ಫೈಲ್‌ನ ಮೆಟಾಡೇಟಾ ನಿಯಮಕ್ಕೆ ಸರಿಹೊಂದುತ್ತದೆಯೇ ಎಂದು ಪರೀಕ್ಷಿಸುತ್ತದೆ. ಇಡೀ ಸಂಗ್ರಹದ ಮೇಲೆ ಓಡಿಸಿದರೆ ದೂರುಗಳ ಮಳೆ ಸುರಿಯುತ್ತದೆ. ಹೊಸ ಕ್ಯಾಮೆರಾದ ಫೋಟೋಗಳಲ್ಲೂ ಸಣ್ಣಪುಟ್ಟ ನಿಯಮಭಂಗ ಇದ್ದೇ ಇರುತ್ತದೆ. 'ಮೈನರ್' ಎಂಬ ಗುರುತು ಇರುವವನ್ನು ಬಿಟ್ಟು, 'ಎರರ್' ಇರುವವನ್ನು ಮೊದಲು ನೋಡಿ. ಫೋನ್‌ನಿಂದ ಬಂದ ಎಚ್ಇಐಸಿ ಎಂಬ ಬೇರೆ ಬಗೆಯ ಫೋಟೋ ಫೈಲ್‌ಗೆ ಯಾರೋ ಜೆಪೆಗ್ ಎಂದು ಹೆಸರು ಬದಲಿಸಿದ್ದರೆ ಅದೂ ಇಲ್ಲಿ ಸಿಕ್ಕಿಬೀಳುತ್ತದೆ.

ಸಿಕ್ಕ ಫೈಲ್‌ಗೆ ಏನು ಮಾಡುವುದು?

ಏನೂ ಮಾಡದೆ ಪಕ್ಕಕ್ಕಿಡುವುದೂ ಒಂದು ಒಳ್ಳೆಯ ದಾರಿ. ಸಾಫ್ಟ್‌ವೇರ್ ನೋಡದ ಒಂದು ಫೋಲ್ಡರ್‌ಗೆ ಅದನ್ನು ಸರಿಸಿ. ಸಂಗ್ರಹದ ಮಿಕ್ಕ ಕೆಲಸ ಇವತ್ತೇ ಶುರುವಾಗುತ್ತದೆ, ಫೋಟೋಗೂ ಅಪಾಯ ಇಲ್ಲ. ಲೈಬ್ರರಿ ಸರಿಯಾದ ಮೇಲೆ ಮತ್ತೆ ಒಳಗೆ ತರಬಹುದು. ಮರೆತುಹೋಗುವ ಅಪಾಯ ಒಂದಿದೆ. ಫೋಲ್ಡರ್‌ಗೆ ಕಣ್ಣಿಗೆ ಬೀಳುವ ಹೆಸರಿಡಿ.

ಸರಿಪಡಿಸಲೇಬೇಕು ಎಂದಿದ್ದರೆ ಮೆಟಾಡೇಟಾವನ್ನು ಹೊಸದಾಗಿ ಕಟ್ಟುವುದು ಎರಡನೆಯ ದಾರಿ. ಎಕ್ಸಿಫ್‌ಟೂಲ್ ಒಂದೇ ಆಜ್ಞೆಯಲ್ಲಿ ಹಳೆಯದನ್ನೆಲ್ಲ ತೆಗೆದು, ಓದಲು ಸಿಕ್ಕಿದ ಟ್ಯಾಗ್‌ಗಳನ್ನು ಅದೇ ಫೈಲ್‌ನಿಂದ ಎತ್ತಿಕೊಂಡು, ಸರಿಯಾದ ಕ್ರಮದಲ್ಲಿ ಮತ್ತೆ ಬರೆಯಬಲ್ಲದು. ಚಿತ್ರದ ಭಾಗವನ್ನು ಮುಟ್ಟುವುದಿಲ್ಲ, ಗುಣಮಟ್ಟ ಇಳಿಯುವುದಿಲ್ಲ. ಬಣ್ಣದ ಪ್ರೊಫೈಲನ್ನೂ ವಾಪಸ್ ಬರೆಯಲು ಆಜ್ಞೆಯಲ್ಲಿ ಬೇರೆಯಾಗಿ ಹೇಳಬೇಕು. ಮರೆತರೆ ಕೆಲವು ಫೋಟೋಗಳ ಬಣ್ಣ ಪೇಲವವಾಗಿ ಕಾಣಬಹುದು. ಮೇಕರ್‌ನೋಟ್ ಮೊದಲೇ ಕೆಟ್ಟಿದ್ದರೆ ಅದರ ವಿವರ ಪೂರ್ತಿ ಉಳಿಯುತ್ತದೆ ಎಂಬ ಖಾತ್ರಿ ಇಲ್ಲ. ಎಕ್ಸಿಫ್‌ಟೂಲ್ ತಾನಾಗಿಯೇ 'ಒರಿಜಿನಲ್' ಎಂಬ ಬಾಲ ಸೇರಿಸಿ ಹಳೆಯ ಫೈಲನ್ನು ಪಕ್ಕದಲ್ಲಿ ಇಡುತ್ತದೆ. ದಿನಾಂಕ, ದಿಕ್ಕು, ಬಣ್ಣ ಮೂರನ್ನೂ ನೋಡಿ ಖಚಿತವಾಗುವ ತನಕ ಅದನ್ನು ಅಳಿಸಬೇಡಿ.

ಇದು ಜೆಪೆಗ್‌ಗೆ ಮಾತ್ರ. ರಾ ಫೈಲ್‌ಗಳ (ಕ್ಯಾಮೆರಾ ಸೆನ್ಸರ್ ಕೊಟ್ಟ ಮಾಹಿತಿಯನ್ನು ಸಂಸ್ಕರಿಸದೆ ಇಟ್ಟ ಫೈಲ್‌ಗಳ) ಮೇಲೆ ಈ ಪ್ರಯೋಗ ಖಂಡಿತ ಮಾಡಬೇಡಿ. ರಾ ಫೈಲ್‌ನಲ್ಲಿ ಚಿತ್ರ ಎಲ್ಲಿದೆ, ಬಣ್ಣ ಹೇಗೆ ಲೆಕ್ಕ ಹಾಕಬೇಕು ಎಂಬ ಮಾಹಿತಿಯೂ ಅದೇ ಬಗೆಯ ಟ್ಯಾಗ್‌ಗಳಲ್ಲಿ ಇರುತ್ತದೆ. ಅದನ್ನು ತೆಗೆದರೆ ಫೋಟೋವೇ ತೆರೆಯದೇ ಹೋಗಬಹುದು.

ಕೆಲವರು ಎಡಿಟರ್‌ನಲ್ಲಿ ತೆರೆದು ಹೊಸ ಹೆಸರಿನಲ್ಲಿ ಉಳಿಸಿಕೊಳ್ಳುತ್ತಾರೆ. ಕೆಲಸ ಆಗುತ್ತದೆ. ಆದರೆ ಜೆಪೆಗ್ ಪ್ರತಿ ಸಲ ಉಳಿಸಿದಾಗಲೂ ಚಿತ್ರ ಸ್ವಲ್ಪ ಸವೆಯುತ್ತದೆ. ತಲೆಯೇ ಕೆಟ್ಟುಹೋದ ರಿಕವರಿ ಫೈಲ್‌ಗಳಿಗೆ ಬೇರೆ ದಾರಿ ಇಲ್ಲದಾಗ ಮಾತ್ರ ಇದನ್ನು ಮಾಡಿ.

ಒಂದು ಕೆಲಸ ನನಗಾಗಿ ಮಾಡಿ

ಸಿಕ್ಕ ಫೈಲ್ ಬಗ್ಗೆ ಸಾಫ್ಟ್‌ವೇರ್ ಮಾಡಿದವರಿಗೆ ದೋಷ ವರದಿ ಕಳಿಸಿ. ಎಂಥ ಕೆಟ್ಟ ಫೈಲ್ ಬಂದರೂ ಪ್ರೋಗ್ರಾಂ ಸಾಯಬಾರದು. ತಪ್ಪು ನಿಮ್ಮದಲ್ಲ, ನಿಮ್ಮ ಕ್ಯಾಮೆರಾದ್ದೂ ಪೂರ್ತಿ ಅಲ್ಲ. ಎಕ್ಸಿವ್2 ಬರೆಯುವವರು ತೊಂದರೆ ಕೊಡುವ ಫೈಲ್ ಕೈಗೆ ಸಿಕ್ಕದೆ ಏನೂ ಮಾಡಲಾರರು. ಬರೀ "ಕ್ರ್ಯಾಶ್ ಆಗುತ್ತದೆ" ಎಂಬ ನೂರು ವರದಿಗಿಂತ ಒಂದು ಮಾದರಿ ಫೈಲ್ ಹೆಚ್ಚು ಬೆಲೆಯದು. ಜೊತೆಗೆ ಸಾಫ್ಟ್‌ವೇರ್ ಮತ್ತು ಲೈಬ್ರರಿಯ ಆವೃತ್ತಿ, ಆಪರೇಟಿಂಗ್ ಸಿಸ್ಟಮ್, ಸಾಧ್ಯವಾದರೆ ಜಿಡಿಬಿ ಎಂಬ ದೋಷ ಹುಡುಕುವ ಸಾಧನದಿಂದ ತೆಗೆದ ಬ್ಯಾಕ್‌ಟ್ರೇಸ್ (ಕ್ರ್ಯಾಶ್ ಆದಾಗ ಪ್ರೋಗ್ರಾಂ ಕೋಡ್‌ನಲ್ಲಿ ಎಲ್ಲಿತ್ತು ಎಂಬ ಪಟ್ಟಿ) ಸೇರಿಸಿ.

ಫೋಟೋ ಖಾಸಗಿಯಾದರೆ? ಜೆಪೆಗ್‌ನಲ್ಲಿ ಮೆಟಾಡೇಟಾ ಸಾಮಾನ್ಯವಾಗಿ ಫೈಲ್‌ನ ಮೊದಲಲ್ಲೇ ಇರುತ್ತದೆ. ಹಾಗಾಗಿ ಮೊದಲ 128 ಕಿಲೋಬೈಟ್ ಮಾತ್ರ ಕತ್ತರಿಸಿ ಬೇರೆ ಫೈಲ್ ಮಾಡಿ, ಅದರಿಂದಲೂ ಕ್ರ್ಯಾಶ್ ಆಗುತ್ತದೆಯೇ ನೋಡಿ. ಆದರೆ ಅಷ್ಟೇ ಕಳಿಸಿದರೂ ಒಳಗಿನ ಥಂಬ್‌ನೇಲ್‌ನಲ್ಲಿ ಮುಖ ಕಾಣಬಹುದು, ಜಿಪಿಎಸ್‌ನಲ್ಲಿ ಮನೆಯ ಜಾಗ ಇರಬಹುದು. ಅಂಥದ್ದನ್ನು ಎಲ್ಲರಿಗೂ ಕಾಣುವಂತೆ ಹಾಕಬೇಡಿ. ಡೆವಲಪರ್‌ಗೆ ಖಾಸಗಿಯಾಗಿ ಕಳಿಸಲು ದಾರಿ ಇದೆಯೇ ಎಂದು ಮೊದಲು ಕೇಳಿ. ಜಿಪಿಎಸ್ ಅಳಿಸಿ ಕಳಿಸೋಣ ಅನ್ನಿಸಬಹುದು. ಅಳಿಸುವಾಗ ಮೆಟಾಡೇಟಾ ಮತ್ತೆ ಜೋಡಣೆಯಾಗಿ, ಹುಡುಕುತ್ತಿರುವ ದೋಷವೇ ಮಾಯವಾಗುವ ಸಾಧ್ಯತೆ ಇದೆ.

ಇಷ್ಟೆಲ್ಲ ಆಗಿ ಸ್ಕ್ಯಾನ್ ಸರಾಗವಾಗಿ ಮುಗಿದ ಮೇಲೆ ಆಫ್ ಮಾಡಿದ್ದ ಸೆಟ್ಟಿಂಗ್‌ಗಳನ್ನು ಒಂದೊಂದಾಗಿ ವಾಪಸ್ ಆನ್ ಮಾಡಿ. ಎಲ್ಲವನ್ನೂ ಒಂದೇ ಸಲ ಮಾಡಿದರೆ ಮತ್ತೆ ತೊಂದರೆ ಬಂದಾಗ ಯಾವುದರಿಂದ ಎಂದು ಗೊತ್ತಾಗುವುದಿಲ್ಲ. ಫೈಲ್ ಒಳಗೆ ಬರೆಯುವ ಆಯ್ಕೆಯನ್ನು ಮಾತ್ರ ಆಫ್ ಆಗಿಯೇ ಬಿಡಿ. ಅದರ ಬದಲು ಎಕ್ಸ್‌ಎಂಪಿ ಸೈಡ್‌ಕಾರ್ ಫೈಲ್‌ಗೆ ಬರೆಯಲು ಹೇಳಿ. ನಿಮ್ಮ ಟ್ಯಾಗ್‌ಗಳು ಫೋಟೋ ಪಕ್ಕದ ಒಂದು ಪುಟ್ಟ ಫೈಲ್‌ನಲ್ಲಿ ಕೂರುತ್ತವೆ, ಮೂಲ ಫೋಟೋ ಹಾಗೇ ಉಳಿಯುತ್ತದೆ. ಫೋಟೋವನ್ನು ಬೇರೆ ಕಡೆ ಸರಿಸುವಾಗ ಆ ಪುಟ್ಟ ಫೈಲನ್ನೂ ಜೊತೆಗೇ ಸರಿಸಬೇಕು. ಸಾಫ್ಟ್‌ವೇರ್ ಒಳಗಿನಿಂದಲೇ ಸರಿಸಿದರೆ ಅದು ಸಾಮಾನ್ಯವಾಗಿ ತಾನೇ ನೋಡಿಕೊಳ್ಳುತ್ತದೆ. ಹಳೆಯ ಕ್ರ್ಯಾಶ್‌ಗಳ ವೇಳೆ ಅರ್ಧಕ್ಕೆ ನಿಂತ ಥಂಬ್‌ನೇಲ್‌ಗಳು ಕಪ್ಪಾಗಿಯೋ ಖಾಲಿಯಾಗಿಯೋ ಕಂಡರೆ ಗಾಬರಿ ಬೇಡ. ಥಂಬ್‌ನೇಲ್‌ಗಳನ್ನು ಹೊಸದಾಗಿ ಕಟ್ಟು ಎಂಬ ಆಯ್ಕೆ ಕೊಟ್ಟು ಬಿಡಿ. 24,000 ಫೋಟೋಗಳಿಗೆ ಒಂದಷ್ಟು ಹೊತ್ತು ಹಿಡಿಯುತ್ತದೆ, ಅಷ್ಟೇ.